ಸದ್ದಿಲ್ಲದ ಸಿಂಕು ಯಾರಿಗೆ ಬೇಕು

ಆಕೆ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೆಲಸದಲ್ಲಿದ್ದಳು. ಮೂಲೆಯಲ್ಲಿ ಯಾರಾದರೂ ಕೆಮ್ಮಿದರೂ ತುಟಿಗೆ ಬೆರಳಿಟ್ಟು "ಶ್..." ಎನ್ನುವುದು ಅವಳ ವೃತ್ತಿಧರ್ಮ. ಓದಲು ಬರುವವರು ಅವಳಿಗೆ ಪಿಸುಮಾತಮ್ಮ ಎಂದು ಹೆಸರಿಟ್ಟಿದ್ದರು. ವರ್ಷಾನುಗಟ್ಟಲೆ ಪಿಸುಗುಟ್ಟಿ ಪಿಸುಗುಟ್ಟಿ ಅವಳ ಗಂಟಲಿಗೆ ಜೋರು ದನಿ ಎಂಬುದೇ ಮರೆತುಹೋಗಿತ್ತು. ತರಕಾರಿಯವನ ಹತ್ತಿರ ಚೌಕಾಸಿ ಮಾಡಿದರೆ, ಏನೋ ಗುಟ್ಟು ಹೇಳುತ್ತಿದ್ದಾಳೆಂದು ಅವನು ಬಗ್ಗಿ ಕಿವಿ ಕೊಡುತ್ತಿದ್ದ.

ಹಾಗೆಂದು ಅವಳಿಗೆ ಕೋಪ ಬರುತ್ತಿರಲಿಲ್ಲವೇ? ಮೂಗಿನ ತುದಿಯಲ್ಲೇ ಇತ್ತು. ಅದು ಬಾಯಿಗೆ ಬರುವ ಬದಲು ಕೈಗೆ ಇಳಿದು, ಕೈಯಿಂದ ಅಡುಗೆಮನೆಯ ಹಳೇ ಸ್ಟೀಲ್ ಸಿಂಕಿಗೆ ಇಳಿಯುತ್ತಿತ್ತು. ಗಂಡ ಒದ್ದೆ ಟವೆಲ್ಲನ್ನು ಮಂಚದ ಮೇಲೆ ಎಸೆದ ದಿನ ಸಿಂಕಿನಲ್ಲಿ ಮುಚ್ಚಳ ಠಣಾರೆಂದು ಬೀಳುತ್ತಿತ್ತು. ಅವಳನ್ನು ಒಂದು ಮಾತೂ ಕೇಳದೆ ಅವನು ಏನಾದರೂ ತೀರ್ಮಾನ ಮಾಡಿದರೆ ಸಿಂಕಿನ ಅಂಚಿಗೆ ಸೌಟು ಟಣ್ ಟಣ್ ಟಣ್. ಅತ್ತೆ ಉಪ್ಪು ಸಾಲದು ಎಂದರಂತೂ ದೊಡ್ಡ ಬಾಣಲೆಯೇ ಉರುಳುತ್ತಿತ್ತು. ಗಂಡನಿಗೆ ಕನ್ನಡಕದ ಅಂಗಡಿ. ಮನೆಯಲ್ಲಿದ್ದಾಗ ಪತ್ರಿಕೆಯ ಹಿಂದೆ ಕೂತು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಆದರೂ ಬಾರಿಸಿದ ಮೇಲೆ ಎದೆ ಹಗುರಾಗುತ್ತಿತ್ತು, ಅದು ಸುಳ್ಳಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಪುಣ್ಯಾತ್ಮರು ಅಡುಗೆಮನೆ ಒಡೆಸಿ ನೋಡಿರಲಿಲ್ಲವೆಂದು ಕಾಣುತ್ತದೆ. ಗೋಡೆಯಲ್ಲಿ ನೀರು ಜಿನುಗಿ ಎಲ್ಲವನ್ನೂ ಹೊಸದಾಗಿ ಮಾಡಿಸಬೇಕಾಯಿತು. ಹಳೇ ಸಿಂಕು ಗುಜರಿಗೆ ಹೋಯಿತು. ಪಾತ್ರೆ ತೊಳೆಯುವುದು ಬಚ್ಚಲಿನಲ್ಲಿ, ಪ್ಲಾಸ್ಟಿಕ್ ಟಬ್ಬಿನೊಳಗೆ. ಅದರಲ್ಲಿ ಎಷ್ಟು ಕುಕ್ಕಿದರೂ ನೀರು ಚಿಮ್ಮಿ ಸೀರೆ ಒದ್ದೆಯಾಗುತ್ತಿತ್ತೇ ಹೊರತು ಸಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಪಿಸುಮಾತಮ್ಮ ಒಳಗೊಳಗೇ ಕುದಿದು, ಗ್ರಂಥಾಲಯದಲ್ಲಿ ಒಬ್ಬ ಮುದುಕರಿಗೆ ಮೇಲಿಂದ ಮೇಲೆ "ಶ್" ಎಂದಳು. ಪಾಪ, ಅವರು ನಿದ್ದೆ ಮಾಡುತ್ತಿದ್ದರು.

ಅಷ್ಟರಲ್ಲಿ ಹೊಸ ಸಿಂಕಿನ ಚರ್ಚೆ ಶುರುವಾಯಿತು. ಅತ್ತೆಗೆ ಪಿಂಗಾಣಿಯದೇ ಆಗಬೇಕು.

"ಹಾಲಿನ ಹಾಗೆ ಬೆಳ್ಳಗಿರುತ್ತೆ ಕಣೋ. ಕೊಳೆ ಇದ್ರೆ ಕಣ್ಣಿಗೆ ಹೊಡೆಯುತ್ತೆ."

"ಲೋಟ ಜಾರಿದ್ರೆ ಲೋಟಾನೂ ಹೋಯ್ತು, ಸಿಂಕೂ ಹೋಯ್ತು, ಅಮ್ಮಾ," ಎಂದ ಗಂಡ. ಮೊಬೈಲಿನಲ್ಲಿ ವೀಡಿಯೊ ನೋಡಿ ನೋಡಿ ಅವನು ಸಿಂಕು ಪಂಡಿತನಾಗಿಬಿಟ್ಟಿದ್ದ. "ಕಲ್ಲಿನ ಪುಡಿಯಿಂದ ಮಾಡಿರೋ ಕಪ್ಪು ಸಿಂಕು ತರೋಣ. ಗೀರು ಬೀಳಲ್ಲ, ಕಲೆ ಕಾಣಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಒಂಚೂರೂ ಸದ್ದು ಬರಲ್ಲ!"

ಅವಳ ಎದೆ ಧಸಕ್ಕೆಂದಿತು. ಸದ್ದೇ ಬರದಿದ್ದರೆ ತಾನು ಇನ್ನು ಮಾತಾಡುವುದು ಎಲ್ಲಿ? ಸ್ಟೀಲೇ ಬೇಕು ಎಂದರೆ, ಯಾಕೆ ಅಂತ ಕೇಳುತ್ತಾರೆ. ನಿಮ್ಮನ್ನು ಬೈಯುವುದಕ್ಕೆ ಎನ್ನಲಾಗುತ್ತದೆಯೇ? "ಸ್ಟೀಲು..." ಎಂದು ಪಿಸುಗುಟ್ಟಿದಳು. ಯಾರಿಗೂ ಕೇಳಿಸಲಿಲ್ಲ.

ಅಂಗಡಿಗೆ ಹೊರಟಾಗ, ಅಳತೆ ನೋಡುವ ನೆಪದಲ್ಲಿ ಚೀಲಕ್ಕೆ ಒಂದು ಸೌಟು ಹಾಕಿಕೊಂಡಳು. ಗಂಡ ಅಲ್ಲಿ ನೆಟ್ಟಗೆ ಕಪ್ಪು ಸಿಂಕಿನ ಮುಂದೆ ನಿಂತು, "ಇದೇ ಕೊಡಿ, ನಮ್ಮನೆಯವರಿಗೂ ಇದೇ ಇಷ್ಟ," ಎಂದವನೇ ಅಂಗಡಿಯವನ ಜೊತೆ ಬಿಲ್ಲಿನ ಮೇಜಿನ ಕಡೆ ನಡೆದ. ಅವಳು ಕಪ್ಪು ಸಿಂಕಿಗೆ ಸೌಟಿನಿಂದ ಒಂದು ಕೊಟ್ಟಳು. ದಬ್. ಹಾಸಿಗೆಗೆ ಗುದ್ದಿದ ಹಾಗಾಯಿತು. ಮೈಯೆಲ್ಲ ಉರಿದುಹೋಯಿತು. ಪಕ್ಕದ ಸಾಲಿನ ಸ್ಟೀಲ್ ಸಿಂಕಿನ ಹತ್ತಿರ ಹೋಗಿ, ಅದರ ಅಂಚಿಗೆ ಟಣ್ ಟಣ್ ಟಣ್ ಎಂದು ಬಾರಿಸಿದಳು. ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು.

ಗಂಡ ಬಿಲ್ಲು ಬಿಟ್ಟು ಓಡಿ ಬಂದ. ಮುಖ ಬಿಳಿಚಿಕೊಂಡಿತ್ತು.

"ಏನಾಯ್ತೇ? ಸೌಟಿನ ಸದ್ದು! ನಿನ್ನ ಕೇಳ್ದೇ ಏನೋ ಮಾಡ್ಬಿಟ್ನಾ? ಏನದು? ಓ... ಸಿಂಕಾ?"

ಅವಳ ಕೈಯಲ್ಲಿ ಸೌಟು ಹಾಗೇ ನಿಂತುಬಿಟ್ಟಿತು.

"ನಿಮಗೆ... ಅರ್ಥ ಆಗ್ತಿತ್ತಾ?"

"ಆಗ್ದೇ ಏನು? ಮುಚ್ಚಳ ಬಿದ್ರೆ ಟವೆಲ್ಲು. ಸದ್ದಾದ ಕೂಡ್ಲೇ ಹೋಗಿ ತಂತಿಗೆ ಹಾಕ್ತಿದ್ನಲ್ಲ."

ಇಷ್ಟು ವರ್ಷ ಅದನ್ನು ಅತ್ತೆಯೇ ಒಣಹಾಕುತ್ತಿದ್ದಾರೆಂದು ಅವಳು ತಿಳಿದಿದ್ದಳು. ಸಂತೋಷದಿಂದ ಅವಳ ಕಣ್ಣು ತುಂಬಿ ಬಂತು. ಮರುಕ್ಷಣವೇ ಇನ್ನೊಂದು ವಿಷಯ ಹೊಳೆಯಿತು.

"ಎಲ್ಲಾ ಗೊತ್ತಿದ್ದೂ ಮಾರನೇ ದಿನ ಮತ್ತೆ ಮಂಚದ ಮೇಲೇ ಎಸೀತಿದ್ರಾ?"

ಆ ದನಿ ಎಷ್ಟು ಜೋರಾಗಿತ್ತೆಂದರೆ ಅವಳೇ ಬೆಚ್ಚಿಬಿದ್ದಳು. ಆಚೆ ಸಾಲಿನಲ್ಲಿ ಯಾರೋ ಕೈಯಲ್ಲಿದ್ದ ನಲ್ಲಿಯನ್ನು ಬೀಳಿಸಿಕೊಂಡರು.

ಗಂಡ ಸೌಟಿನಿಂದ ಒಂದು ಹೆಜ್ಜೆ ದೂರ ಸರಿದ. "ಅದು ಬೇರೆ ವಿಷ್ಯ ಕಣೇ. ಸದ್ದಿಲ್ಲದಿದ್ರೆ ನೆಮ್ಮದಿ ಅಂದ್ಕೊಂಡಿದ್ದೆ, ನನ್ನ ಬುದ್ಧಿಗಿಷ್ಟು! ಅಡುಗೆಮನೆ ಒಡೆದಾಗಿಂದ ನಿನ್ನ ಮನಸ್ಸಲ್ಲಿ ಏನಿದೆ ಅಂತ ಒಂದೂ ತಿಳೀತಿಲ್ಲ. ಭಯ ಆಗ್ತಿದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಎಲ್ಲಿ ವ್ಯಾಪಾರ ಕೈತಪ್ಪುತ್ತದೋ ಎಂದು ಅಂಗಡಿಯವನು ನಡುವೆ ಬಾಯಿ ಹಾಕಿದ. ಕೈಯಲ್ಲಿ ಒಂದು ದಪ್ಪ ರಬ್ಬರ್ ಹಾಳೆ ಹಿಡಿದಿದ್ದ.

"ಸ್ಟೀಲೇ ತಗೊಳ್ಳಿ ಸಾರ್, ಯೋಚನೆ ಬೇಡ. ಅದರ ಜೊತೆ ಇದು ಬರುತ್ತೆ. ಸಿಂಕಿನ ತಳಕ್ಕೆ ಅಂಟಿಸಿಬಿಟ್ರೆ ಮೇಡಮ್ಮು ಎಷ್ಟೇ ಕುಕ್ಕಲಿ, ನಿಮಗೆ ಕೇಳಿಸೋದೇ ಇಲ್ಲ."

"ಅದನ್ನ ನೀವೇ ಇಟ್ಕೊಳ್ಳಿ," ಎಂದ ಗಂಡ. "ನನಗೆ ಕೇಳಿಸ್ಬೇಕು."