ಒಂದು ತಂತಿ, ಇಬ್ಬರ ಕಿವಿ

೨೦೦೯ನೆಯ ಇಸವಿ, ನನಗಾಗ ನಲವತ್ತೇಳು ವರ್ಷ. ಆ ವಯಸ್ಸಿಗೆ ಬರುವಷ್ಟರಲ್ಲಿ ಮನುಷ್ಯನಿಗೆ ಲೋಕದ ಬಗ್ಗೆ ಕೆಲವಾದರೂ ಖಚಿತ ಜ್ಞಾನಗಳು ಲಭಿಸಿರಬೇಕೆಂದು ಹಿರಿಯರು ನಿರೀಕ್ಷಿಸುತ್ತಾರೆ. ನನಗೆ ಲಭಿಸಿದ್ದು ಒಂದೇ: ಇಯರ್‌ಫೋನಿನ ತಂತಿಯನ್ನು ಎಷ್ಟೇ ಅಚ್ಚುಕಟ್ಟಾಗಿ ಸುತ್ತಿ ಜೇಬಿನಲ್ಲಿಟ್ಟರೂ, ಯಾರೂ ಮುಟ್ಟದೆ, ಯಾರೂ ಕದಲಿಸದೆ, ಅದು ತನ್ನಷ್ಟಕ್ಕೆ ತಾನೇ ಗಂಟು ಹಾಕಿಕೊಳ್ಳುತ್ತದೆ. ಚಂದಾಪುರದ ತಿರುವಿನಲ್ಲಿ ಕಂಪನಿ ಬಸ್ಸಿಗೆ ಕಾಯುತ್ತ ಆ ಗಂಟನ್ನು ಬಿಡಿಸುವುದು ನನ್ನ ನಿತ್ಯದ ಪ್ರಾತರ್ವಿಧಿಯಾಗಿತ್ತು. ಹದಿನೈದು ವರ್ಷ ಮಕ್ಕಳ ಮುಂದೆ ಸಂಧಿ ಬಿಡಿಸಿದ ಕೈಗೆ ತಂತಿ ಬಿಡಿಸುವುದೇನು ಮಹಾ ಎಂದು ತಾವು ಕೇಳಬಹುದು. ಸಂಧಿಗೆ ಸೂತ್ರವಿದೆ, ಸ್ವಾಮಿ, ತಂತಿಗೆ ಇಲ್ಲ.

ಹೌದು, ನಾನು ಆನೇಕಲ್ಲಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದವನು. ಅನುಸ್ವಾರ ತಪ್ಪಿದರೆ ಅರ್ಧ ಅಂಕ, ಮಹಾಪ್ರಾಣ ತಪ್ಪಿದರೆ ಒಂದು ಅಂಕ ಕಳೆಯುವವನೆಂಬ ಕುಖ್ಯಾತಿ ನನಗಿತ್ತು. ಅದನ್ನು ನಾನು ಖ್ಯಾತಿಯೆಂದೇ ಭಾವಿಸಿದ್ದೆ. ಆ ಶಾಲೆ ಮಾಧ್ಯಮ ಬದಲಿಸಿಕೊಂಡು ನನ್ನ ಅಗತ್ಯವನ್ನು ಕಳೆದ ಮೇಲೆ, ನೀರೆತ್ತುವ ಪಂಪುಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೈಪಿಡಿಗಳನ್ನೂ ಎಚ್ಚರಿಕೆಯ ಫಲಕಗಳನ್ನೂ ಕನ್ನಡದಲ್ಲಿ ಬರೆಯುವ ಕೆಲಸ ಹಿಡಿದೆ. ಕಾರ್ಖಾನೆ ಬೊಮ್ಮಸಂದ್ರದಲ್ಲಿದ್ದಾಗ ಅದು ನನ್ನ ಮನೆಗೆ ಸೈಕಲ್ಲಿನ ದೂರ. ಒಂದು ದಿನ ಅದು ಯಂತ್ರಗಳ ಸಮೇತ ನಗರದ ಆ ತುದಿಯ ಪೀಣ್ಯಕ್ಕೆ ಎದ್ದುಹೋಯಿತು; ನಮ್ಮ ಮನೆಗಳು ಮಾತ್ರ ಚಂದಾಪುರದಲ್ಲೇ ಕುಳಿತವು. ಹೀಗೆ ನಗರವನ್ನು ಪ್ರವೇಶಿಸದೆ ನಗರವನ್ನು ಸುತ್ತುಹಾಕುವ ಪ್ರದಕ್ಷಿಣೆಯೊಂದು, ಹೋಗುವಾಗೊಮ್ಮೆ ಬರುವಾಗೊಮ್ಮೆ, ನಮ್ಮ ಪಾಲಿಗೆ ಬಂತು.

ಈ ಪ್ರದಕ್ಷಿಣೆಯನ್ನು ಸಹ್ಯಗೊಳಿಸಿದ್ದು ನನ್ನ ಹಾಡಿನ ಡಬ್ಬಿ. ಸಾಬೂನಿನ ಗಾತ್ರ, ಅದಕ್ಕಿಂತ ಹೆಚ್ಚು ತೂಕ, ಒಳಗೆ ಗಿರ್ರನೆ ತಿರುಗುವ ಪುಟ್ಟ ತಟ್ಟೆ. ಮೂವತ್ತು ಗೀಗಾಬೈಟ್ ಎಂಬ, ನನ್ನ ಕಿವಿಗೆ ಯಾವುದೋ ರಾಕ್ಷಸನ ಹೆಸರಿನಂತೆ ಕೇಳಿಸುವ ಧಾರಣಶಕ್ತಿ. ಭಾವಗೀತೆ, ವಚನ, ನಾಟಕದ ಹಾಡು, ಹೀಗೆ ನನ್ನ ಜೀವಮಾನದ ಕ್ಯಾಸೆಟ್ಟುಗಳನ್ನೆಲ್ಲ ಭಾನುವಾರಗಳನ್ನು ಬಲಿಕೊಟ್ಟು ಅದರೊಳಕ್ಕೆ ಇಳಿಸಿ, ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿದ್ದೆ. ಆ ಸಂಗ್ರಹದ ಮುಂದೆ ನನಗೊಂದು ಜಮೀನ್ದಾರಿ ಗತ್ತು ಬರುತ್ತಿತ್ತು.

ನನ್ನ ಪಕ್ಕದ ಸೀಟು ಸಿದ್ಧಲಿಂಗಪ್ಪನವರದು. ಗದಗ ಸೀಮೆಯವರು, ನಮ್ಮ ಉಗ್ರಾಣದ ಮೇಲ್ವಿಚಾರಕರು, ವಯಸ್ಸಿನಲ್ಲಿ ನನ್ನ ಸಮಾನರು, ಗಾತ್ರದಲ್ಲಿ ಒಂದೂವರೆ. ಮೊದಲ ವಾರವೇ ಅವರು ನನ್ನ ಕಿವಿಯತ್ತ ಬೆರಳು ಮಾಡಿ, "ಒಬ್ಬರ ಕೇಳ್ತೀರಲ್ರಿ ಮಾಸ್ತರ್ರ, ಅರ್ಧ ರೊಟ್ಟಿ ಮುರದು ಕೊಟ್ಟಂಗ ಒಂದು ಇತ್ತ ಕೊಡ್ರಲಾ" ಎಂದರು. ಕೊಟ್ಟೆ. ಕೊಡುವಾಗಲೂ ಸುಮ್ಮನೆ ಕೊಡುವವನಲ್ಲ ನಾನು. ಇಯರ್‌ಫೋನಿನ ಎರಡು ಗುಂಡುಗಳ ಮೇಲೆ ಎಡ, ಬಲ ಎಂದು ಗುರುತಿರುತ್ತದಷ್ಟೆ; ಗುರುತಿರುವುದು ಪಾಲಿಸುವುದಕ್ಕೆ. ಆದ್ದರಿಂದ ಎಡಕ್ಕೆ, ಕಿಟಕಿಯ ಬಳಿ ಕೂರುವ ಅವರಿಗೆ ಎಡದ್ದು. ಬಲಕ್ಕೆ ಕೂರುವ ನನಗೆ ಬಲದ್ದು. ಒಮ್ಮೆ ಅವರು ಅದಲುಬದಲಾಗಿ ತೆಗೆದುಕೊಂಡಾಗ ನಾನು ತಿದ್ದಿದೆ. ಎರಡು ವರ್ಷ ಈ ನಿಯಮ ಭಂಗವಾಗಲಿಲ್ಲ.

ಅವರಂಥ ಶ್ರೋತೃ ನನಗೆ ತರಗತಿಯಲ್ಲೂ ಸಿಕ್ಕಿರಲಿಲ್ಲ. ಹಾಡು ಶುರುವಾದರೆ ಕಣ್ಣು ಮುಚ್ಚುವರು, ಊಟದ ಡಬ್ಬಿಯ ಮುಚ್ಚಳದ ಮೇಲೆ ಬೆರಳಾಡಿಸುವರು. ಪ್ರಾಯದಲ್ಲಿ ಊರಿನ ಭಜನಾ ಮೇಳಕ್ಕೆ ತಬಲಾ ನುಡಿಸುತ್ತಿದ್ದರಂತೆ. ನಾನು ಹಾಡಿನ ನಡುವೆಯೇ ಅವರತ್ತ ವಾಲಿ ಆ ಪದದ ಧ್ವನ್ಯರ್ಥವೇನು, ಈ ರೂಪಕದ ಔಚಿತ್ಯವೇನು ಎಂದು ವಿವರಿಸುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ಸಾಹಿತ್ಯ ಹೃದಯಕ್ಕೆ ಇಳಿಯುತ್ತಿದೆಯೆಂದು ನಾನು ಹಿಗ್ಗುತ್ತಿದ್ದೆ.

ಆ ವರ್ಷದ ದೀಪಾವಳಿ ಕಳೆಯುತ್ತಿದ್ದಂತೆ ಡಬ್ಬಿಗೆ ಜರೆ ಆವರಿಸಿತು. ರಸ್ತೆಯ ಉಬ್ಬುಗಳ ಮೇಲೆ ಬಸ್ಸು ಕುಪ್ಪಳಿಸಿದಾಗಲೆಲ್ಲ ಒಳಗಿನ ತಟ್ಟೆ ಟಕ್ ಟಕ್ ಎಂದು ಹಲ್ಲು ಕಡಿದು ಹಾಡು ಅರ್ಧಕ್ಕೆ ನಿಲ್ಲುತ್ತಿತ್ತು. ತೊಡೆಗೆ ತಟ್ಟಿದರೆ ಕೆಲವು ದಿನ ಎದ್ದೇಳುವುದು, ಕೆಲವು ದಿನ ಇಲ್ಲ. ಹೊಸದನ್ನು ಕೊಳ್ಳುವುದು ಅನಿವಾರ್ಯವಾಯಿತು. ಅಲ್ಲಿಂದ ಶುರುವಾಯಿತು ನೋಡಿ ನನ್ನ ತ್ರಿಶಂಕು ಸ್ಥಿತಿ.

ಚಂದಾಪುರದ ಪೇಟೆಯಲ್ಲಿ ನಾಗವೇಣಿ ಎಂಬಾಕೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿತ್ತು. ಆಕೆ ನನ್ನ ಮುಂದೆ ಎರಡು ಪೆಟ್ಟಿಗೆಗಳನ್ನಿಟ್ಟಳು. ಒಂದು ನನ್ನ ಹಳೆಯ ಡಬ್ಬಿಯ ವಂಶದ್ದೇ, ನೂರಿಪ್ಪತ್ತು ಗೀಗಾಬೈಟ್‌ನದು. ಹಾಡುವುದೊಂದನ್ನುಳಿದು ಮತ್ತೇನೂ ಅರಿಯದ ಮುಗ್ಧ ಕುಂಭಕರ್ಣ. ಇನ್ನೊಂದು ಬಿಸ್ಕತ್ತಿನಷ್ಟು ತೆಳ್ಳಗಿನದು, ಬರೀ ಎಂಟು ಗೀಗಾಬೈಟ್. ಆದರೆ ಬೆರಳು ಸೋಕಿಸಿದರೆ ಓಗೊಡುತ್ತದೆ, ರೇಡಿಯೋ ಹಿಡಿಯುತ್ತದೆ, ಚಿತ್ರ ತೋರಿಸುತ್ತದೆ, ನಮ್ಮ ದನಿಯನ್ನೂ ಮುದ್ರಿಸಿಕೊಳ್ಳುತ್ತದೆ. ಒಳಗೆ ತಿರುಗುವ ತಟ್ಟೆಯೇ ಇಲ್ಲವಾದ್ದರಿಂದ ಎಂಥ ಉಬ್ಬಿಗೂ ಜಗ್ಗುವುದಿಲ್ಲ. ಗಾತ್ರವೋ, ಗುಣವೋ? ಎಂಟನ್ನು ಆಯ್ದರೆ ನನ್ನ ಸಂಗ್ರಹದ ಬಹುಪಾಲನ್ನು ಮನೆಯಲ್ಲೇ ಬಿಟ್ಟು ಬರಬೇಕು, ಯಾವುದನ್ನು ಬಿಡುವುದು? ನೂರಿಪ್ಪತ್ತನ್ನು ಆಯ್ದರೆ ಎಲ್ಲವೂ ಹಿಡಿಸಿ ಮೇಲೆ ಮೂರು ಪಾಲು ಖಾಲಿ. ಆ ಖಾಲಿಯನ್ನು ಯಾವುದರಿಂದ ತುಂಬುವುದು? ಒಂದು ನನ್ನನ್ನು ದರಿದ್ರನನ್ನಾಗಿಸುತ್ತದೆ, ಇನ್ನೊಂದು ನಾನು ಈಗಾಗಲೇ ದರಿದ್ರನೆಂದು ತೋರಿಸಿಕೊಡುತ್ತದೆ.

ಶನಿವಾರ ಬಂದರೆ ಅಂಗಡಿ. ಕೈಗೆತ್ತಿಕೊಳ್ಳುವೆ, ತೂಗುವೆ, ಕೆಳಗಿಡುವೆ, ಮತ್ತೊಂದನ್ನೆತ್ತುವೆ. ನಾಗವೇಣಿ ಮೊದಮೊದಲು ಕುರ್ಚಿ ಕೊಡುತ್ತಿದ್ದವಳು ಬರಬರುತ್ತ ನಕ್ಕು ತನ್ನ ಕೆಲಸ ನೋಡಿಕೊಳ್ಳತೊಡಗಿದಳು. "ಸಾರ್, ಹೆಣ್ಣು ನೋಡೋಕ್ ಬಂದೋರು ಸಹ ಇಷ್ಟ್ ಸಲ ಬರಲ್ಲ. ನೀವು ಡಿಸೈಡ್ ಮಾಡೋದ್ರೊಳಗೆ ಎರಡೂ ಓಲ್ಡ್ ಮಾಡೆಲ್ ಆಗ್ಬಿಡ್ತವೆ" ಎಂದಳು ಒಮ್ಮೆ. ಮತ್ತೊಮ್ಮೆ, "ಅದ್ಸರಿ, ದಿನಕ್ಕೆ ಎಷ್ಟ್ ಹಾಡು ಕೇಳ್ತೀರ ಸಾರ್?" ಎಂದು ಕೇಳಿದಳು. ಆ ಪ್ರಶ್ನೆ ನನ್ನನ್ನು ಮನೆಯವರೆಗೂ ಹಿಂಬಾಲಿಸಿತು.

ಏಕೆಂದರೆ, ಪ್ರಿಯ ಓದುಗರೇ, ಪ್ರಾಮಾಣಿಕ ಉತ್ತರ 'ಒಂದೂ ಇಲ್ಲ' ಎಂಬುದು. ಪಲ್ಲವಿ ಮುಗಿಯುವಷ್ಟರಲ್ಲಿ ನನ್ನ ಹೆಬ್ಬೆರಳು ಮುಂದಿನ ಹಾಡಿನ ಗುಂಡಿಯ ಮೇಲಿರುತ್ತಿತ್ತು. ಇದಕ್ಕಿಂತ ಒಳ್ಳೆಯದು ಇನ್ನೊಂದಿದೆಯಲ್ಲ, ಅದು ಶುರುವಾದರೆ ಅದಕ್ಕಿಂತ ಒಳ್ಳೆಯದು ಮತ್ತೊಂದಿದೆಯಲ್ಲ! ಸಾವಿರಾರು ಹಾಡುಗಳ ಒಡೆಯನು ಒಂದೊಂದರ ಹೊಸ್ತಿಲನ್ನೂ ತುಳಿದು ಒಂದರ ನಡುಮನೆಯಲ್ಲೂ ಕೂರದೆ ಪೀಣ್ಯ ತಲುಪುತ್ತಿದ್ದ. ಮದುವೆಮನೆಯಲ್ಲಿ ಎಲ್ಲ ಪಂಕ್ತಿಗಳನ್ನೂ ಇಣುಕಿ ನೋಡಿ ಹಸಿದು ಮನೆಗೆ ಮರಳುವವನ ಹಾಗೆ. ಇಷ್ಟಾಗಿಯೂ ನಾನು ತೂಗುತ್ತಿದ್ದುದು ಇನ್ನಷ್ಟು ಪಂಕ್ತಿಗಳಿಗೆ ಜಾಗ ಎಲ್ಲಿದೆ ಎಂಬುದನ್ನೇ.

ಜನವರಿಯ ಹೊತ್ತಿಗೆ ಡಬ್ಬಿ ಬಹುತೇಕ ಮೌನವ್ರತ ಹಿಡಿದಿತ್ತು. ನಮ್ಮ ಚಾಲಕ ಮುನಿರಾಜು, ಆನೇಕಲ್ ಕಡೆಯವನು, ಕನ್ನಡಿಯಲ್ಲಿ ನಮ್ಮಿಬ್ಬರ ಬರಿಗಿವಿಗಳನ್ನು ಕಂಡು ಕೂಗಿದ: "ಮೇಷ್ಟ್ರೇ, ನಿಮ್ ಡಬ್ಬ ಕೆಟ್ಟೋಯ್ತಾ? ಸಿದ್ಲಿಂಗಪ್ನೋರೇ, ಅಲ್ಲೇನ್ ಮೌನಾಚರಣೆ ಮಾಡ್ತಾ ಕುಂತಿದೀರಾ? ಇಂಗ್ ಮುಂದಕ್ ಬನ್ನಿ, ಎಫ್ಎಮ್ ಆಕ್ತೀನಿ!" ಸಿದ್ಧಲಿಂಗಪ್ಪನವರು ನನ್ನ ಮುಖ ನೋಡಿದರು, ಊಟದ ಡಬ್ಬಿ ಎತ್ತಿಕೊಂಡರು, ಹೋದರು. ಕಿಟಕಿ ಸೀಟು ಖಾಲಿಯಾಯಿತು.

ಅದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅದೇ ವಾರ ಕ್ಯಾಂಟೀನಿನಲ್ಲಿ ಅವರು, "ಈ ಬಸ್ಸಿನಾಗ ಕುಂತು ಕುಂತು ನಡಾ ಹೋತ್ರಿ ಮಾಸ್ತರ್ರ. ಫ್ಯಾಕ್ಟರಿ ಬಾಜೂಕ, ದಾಸರಹಳ್ಳ್ಯಾಗ ಮನಿ ನೋಡಾಕತ್ತೇನಿ. ಹುಡುಗರ ಪರೀಕ್ಷಾ ಮುಗದ್ರ ಆ ಕಡೇನ ಹೋಗಿ ಬಿಡೂದು" ಎಂದರು. ಎಡಗಿವಿಯಿಂದ ಕೇಳಿ ಬಲಗಿವಿಯಿಂದ ಬಿಡುವ ಮಾತಾಗಿರಲಿಲ್ಲ ಅದು. ಅವರಿಲ್ಲದ ಪ್ರದಕ್ಷಿಣೆಯನ್ನು ಊಹಿಸಿಕೊಂಡೆ: ಕಿಟಕಿಯಾಚೆ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಗೋಡೆಗಳು, ಅವುಗಳಲ್ಲಿ ಚಲಿಸುವ ನಮ್ಮ ಬಸ್ಸಿನ ಪ್ರತಿಬಿಂಬ, ಅದರೊಳಗೆ ಒಬ್ಬನೇ ಗುಂಡಿ ಒತ್ತುತ್ತಿರುವ ನಾನು. ಪ್ರಶ್ನೆ ಈಗ ಗಾತ್ರ ಗುಣಗಳದ್ದಾಗಿ ಉಳಿಯಲಿಲ್ಲ. ಯಾವ ಡಬ್ಬಿ ತಂದರೆ ಆ ಮನುಷ್ಯ ಹಿಂದಿನ ಸೀಟಿಗೂ ಚಂದಾಪುರಕ್ಕೂ ಮರಳಿ ಅಂಟಿಕೊಂಡಾನು? ನೂರಿಪ್ಪತ್ತರ ವೈಭವಕ್ಕೆ ಒಲಿಯುವರೋ, ಎಂಟರ ಚಮತ್ಕಾರಕ್ಕೋ? ಶನಿವಾರ ಮತ್ತೆ ಅಂಗಡಿಗೆ ಹೋದೆ. ಮತ್ತೆ ಬರಿಗೈಯಲ್ಲಿ ಬಂದೆ. ಮನೆಯಲ್ಲಿ ನನ್ನಾಕೆ, "ಅಂಗಡೀಲಿ ನಿಂತಿದ್ದು ಸಾಲ್ದಾ, ಮನೇಲಾದ್ರೂ ಒಂದ್ಕಡೆ ಕೂತ್ಕೊಳ್ರೀ" ಎಂದಳು. ನಾನು ನಿಂತೇ ಇದ್ದುದು ಆಗ ಅರಿವಾಯಿತು.

ಫೆಬ್ರವರಿಯ ಎರಡನೆಯ ವಾರದ ಒಂದು ಬೆಳಿಗ್ಗೆ ಸಿದ್ಧಲಿಂಗಪ್ಪನವರು ಬಲಗಿವಿಗೆ ಹತ್ತಿ ಇಟ್ಟುಕೊಂಡು ಬಸ್ಸು ಹತ್ತಿದರು. ನೆಗಡಿ ಇಳಿದು ಕಿವಿ ಸೋರುತ್ತಿತ್ತಂತೆ. ಮುಂದಿನ ಸೀಟಿನಲ್ಲಿ ಸ್ವಲ್ಪ ಹೊತ್ತು ಕುಳಿತು ನೋಡಿದರು. ಮುನಿರಾಜುವಿನ ಸ್ಪೀಕರ್ ಇರುವುದು ಅಲ್ಲೇ ತಲೆಯ ಮೇಲೆ. ಬನ್ನೇರುಘಟ್ಟ ರಸ್ತೆ ದಾಟುವಷ್ಟರಲ್ಲಿ ಎದ್ದು ಹಿಂದಕ್ಕೆ ಬಂದರು. "ಆ ಕಡೆ ಸರೀರಿ ಮಾಸ್ತರ್ರ. ಈ ಕಿವಿ ಸತ್ತೈತಿ. ನೀವು ಎಡಕ್ಕ ಕುಂತ್ರ ನಿಮ್ಮ ಮಾತರ ಕೇಳಸ್ತೈತಿ" ಎಂದರು. ನಾನು ಕಿಟಕಿಗೆ ಸರಿದೆ. ಅವರು ನನ್ನ ಜಾಗದಲ್ಲಿ ಕೂತರು. ಡಬ್ಬಿಯನ್ನು ತೊಡೆಗೆ ತಟ್ಟಿದೆ. ಏನು ಪುಣ್ಯವೋ, ಎದ್ದಿತು. ಅವರು ಕೈಚಾಚಿದರು. ನಿಯಮ ನಿಯಮವೇ: ಎಡಕ್ಕಿದ್ದ ನನಗೆ ಎಡದ್ದು, ಬಲಕ್ಕಿದ್ದ ಅವರಿಗೆ ಬಲದ್ದು. ಎಷ್ಟೋ ಸಲ ಕೇಳಿದ ಭಾವಗೀತೆಯೊಂದನ್ನು ಹಚ್ಚಿದೆ.

ನನ್ನ ಕಿವಿಯಲ್ಲಿ ತಬಲಾ ನುಡಿಯಿತು, ಹಾರ್ಮೋನಿಯಂ ಉಸಿರಾಡಿತು, ಹಾಡುಗಾರ್ತಿ ಬರಲಿಲ್ಲ. ಡಬ್ಬಿ ಕೊನೆಗೂ ಸತ್ತಿತೆಂದು ಅದನ್ನು ಅಲುಗಾಡಿಸುವಷ್ಟರಲ್ಲಿ ಪಕ್ಕದಿಂದ ಇಡೀ ಬಸ್ಸು ತಿರುಗಿ ನೋಡುವಂಥ ಉದ್ಗಾರ ಹೊರಟಿತು:

"ಮಾಸ್ತರ್ರ! ಇದರಾಗ ಯಾರೋ ಹಾಡಾಕತ್ತಾರಲ್ರೀ!"

"ಹಾಡದೆ? ಹಾಡಲ್ಲವೇ ಅದು? ಇಷ್ಟು ದಿನ ನೀವು ಕೇಳಿದ್ದೇನು?"

"ತಬಲಾ ರೀ. ಪೇಟಿ. ಭಾಳ ಛಲೋ ಬಾರಿಸ್ತಾನ ಪುಣ್ಯಾತ್ಮ. ನಿಮಗ ಬಾರಸೂದಷ್ಟ ಸೇರತೈತಿ ಅಂತ ತಿಳಕೊಂಡಿದ್ದೆ ನಾ."

ಅರ್ಥವಾಗಲು ಎರಡು ಗಳಿಗೆ ಬೇಕಾಯಿತು. ಸ್ಟೀರಿಯೋ ಹೊಸತಾಗಿ ಬಂದಾಗಿನ ಉತ್ಸಾಹದಲ್ಲಿ ಆ ಕಾಲದ ಮುದ್ರಕರು ಕಂಠವನ್ನು ಒಂದು ಬದಿಗೂ ವಾದ್ಯಗಳನ್ನು ಇನ್ನೊಂದು ಬದಿಗೂ ಕೂರಿಸಿದ್ದರು. ಮನೆಯ ಹಳೆಯ ಟೇಪ್ ರೆಕಾರ್ಡರಿಗೆ ಇದ್ದದ್ದು ಒಂದೇ ಬಾಯಿ. ಅಲ್ಲಿ ಎರಡೂ ಬೆರೆತು ಬರುತ್ತಿದ್ದವು. ಬಸ್ಸಿನಲ್ಲಿ ತಬಲಾ ಕೇಳಿಸದಿದ್ದುದನ್ನು ನಾನು ಎಂಜಿನ್ನಿನ ಸದ್ದಿನ ಮೇಲೆ ಹೊರಿಸಿದ್ದೆ. ಎರಡು ವರ್ಷ ನಾನು ತಾಳವಿಲ್ಲದ ಸಾಹಿತ್ಯ ಕೇಳಿದ್ದೆ, ಅವರು ಸಾಹಿತ್ಯವಿಲ್ಲದ ತಾಳ ಕೇಳಿದ್ದರು. ಒಂದೇ ತಂತಿಯ ಎರಡು ತುದಿಗಳಲ್ಲಿ, ನನ್ನ ನಿಯಮದ ಕಟ್ಟುನಿಟ್ಟಿನಲ್ಲಿ.

"ಹಾಗಾದರೆ ನಾನು ಅರ್ಥ ಹೇಳುವಾಗ ತಲೆಯಾಡಿಸುತ್ತಿದ್ದಿರಲ್ಲ?"

"ತಾಳಕ್ಕ ಆಡಸ್ತಿದ್ದೆ" ಎಂದರು ಸಿದ್ಧಲಿಂಗಪ್ಪನವರು. "ನೀವು ನಡುನಡುವ ಏನೇನೋ ಹೇಳ್ತಿದ್ರಿ. ಮಾಸ್ತರ್ ಅದಾರ, ಪಾಪ, ಸಾಲಿ ನೆನಪಾಕ್ಕೈತಿ ಅಂತ ಸುಮ್ಮನಿರ್ತಿದ್ದೆ."

ನಾವು ನಕ್ಕದ್ದಕ್ಕೆ ಮುನಿರಾಜು ಎಫ್ಎಮ್ ತಗ್ಗಿಸಿ, "ಏನ್ರಪ್ಪೋ ಅದು, ನಮ್ಗೂ ಯೋಳಿ" ಎಂದ. ನಗು ಇಳಿದ ಮೇಲೆ ನಾನು ಬಹುದಿನಗಳಿಂದ ತೂಗುತ್ತಿದ್ದ ಪ್ರಶ್ನೆಯನ್ನು ಅವರ ಮುಂದಿಟ್ಟೆ: ನೂರಿಪ್ಪತ್ತು ಕೊಳ್ಳಲೋ, ಎಂಟು ಕೊಳ್ಳಲೋ? ಹೊಸ ಡಬ್ಬಿ ಬಂದರೆ ದಾಸರಹಳ್ಳಿಯ ಯೋಚನೆ ಬಿಡುವಿರೋ ಎಂದು ಕೇಳಲಿಲ್ಲ. ಅವರು ಅದಕ್ಕೂ ಸೇರಿಸಿಯೇ ಉತ್ತರ ಕೊಟ್ಟರು.

"ಮನಿ ಗಟ್ಟಿ ಆತ್ರಿ. ಏಪ್ರಿಲ್‌ನಾಗ ಹೊಂಟೆ. ಅಷ್ಟರೊಳಗ ನಾವಿಬ್ಬರೂ ಎಷ್ಟು ಹಾಡು ಕೇಳಾಕ ಆಕ್ಕೈತಿ, ಅಷ್ಟು ಹಿಡಿಸಿದ್ರ ಸಾಕು. ಆದರ ಮಾಸ್ತರ್ರ, ಒಂದು ಮಾತು. ಆ ಗುಂಡಿ ಒತ್ತಬ್ಯಾಡ್ರಿ. ಹಾಡು ಮುಗೀಲಿ. ತಿಹಾಯಿ ಬರೂದು ಕೊನೀಗೆ. ನೀವು ಒಂದರೆ ಸಲ ಅಲ್ಲೀತನಕ ಬಿಟ್ಟೀರೇನು?"

ತಿಹಾಯಿ ಎಂದರೆ ತಬಲಾದವನು ಒಂದೇ ನುಡಿಗಟ್ಟನ್ನು ಮೂರು ಸಲ ನುಡಿಸಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ನಿಲ್ಲುವ ಮುಕ್ತಾಯ. ಎರಡು ವರ್ಷ ನಾನು ಆ ನಿಲುಗಡೆಯನ್ನು ಅವರಿಂದ ತಪ್ಪಿಸಿದ್ದೆ, ನನ್ನಿಂದಲೂ.

ಧಾರಣಶಕ್ತಿಯನ್ನು ಅಳೆಯಬೇಕಾದದ್ದು ಸಂಗ್ರಹದಿಂದ ಅಲ್ಲ, ಉಳಿದಿರುವ ಪ್ರಯಾಣಗಳಿಂದ ಎಂಬುದು ಕ್ಯಾಸೆಟ್ಟುಗಳ ಜಮೀನ್ದಾರನಿಗೆ ಹೊಳೆಯದೆ ಹೋಗಿತ್ತು. ಹಾಗೆ ಅಳೆದಾಗ ಎಂಟೂ ಹೆಚ್ಚಾಯಿತು. ಆ ಶನಿವಾರ ನಾಗವೇಣಿಯ ಅಂಗಡಿಗೆ ಹೋಗಿ, ಕುರ್ಚಿಯಲ್ಲಿ ಕೂರದೆ, ತೂಗದೆ, ತೆಳ್ಳಗಿನದನ್ನು ತೋರಿಸಿ ಕೊಡಿ ಎಂದೆ. ಜೊತೆಗೆ ಒಂದೇ ತೂತಿಗೆ ಎರಡು ಇಯರ್‌ಫೋನ್‌ಗಳನ್ನು ಸೇರಿಸುವ ಕವಲು ಪಿನ್ನನ್ನೂ, ಎರಡನೆಯದೊಂದು ಇಯರ್‌ಫೋನನ್ನೂ ಕೊಂಡೆ. "ಇಷ್ಟಕ್ಕಾ ಸಾರ್ ಇಷ್ಟ್ ತಿಂಗಳು?" ಎಂದಳು ಆಕೆ, ಕವಲನ್ನು ಬೆರಳಲ್ಲಿ ಎತ್ತಿ ಹಿಡಿದು. ಇಷ್ಟಕ್ಕೇ ಎಂದೆ.

ಏಪ್ರಿಲ್‌ವರೆಗೆ ನಾವು ಹಾಡುಗಳನ್ನು ಕೊನೆಯವರೆಗೆ ಕೇಳಿದೆವು, ತಲಾ ಎರಡೆರಡು ಕಿವಿಗಳಿಂದ. ತಿಹಾಯಿ ಬರುವಾಗ ಅವರು ನನ್ನ ಮೊಣಕೈ ಒತ್ತುತ್ತಿದ್ದರು; ಪದ ಬರುವಾಗ ನಾನು ಅವರದನ್ನು ಒತ್ತುತ್ತಿದ್ದೆ, ವ್ಯಾಖ್ಯಾನ ಮಾಡದೆ. ಆಮೇಲೆ ಅವರು ದಾಸರಹಳ್ಳಿಗೆ ಹೋದರು. ಈಗ ಚಂದಾಪುರದ ತಿರುವಿನಲ್ಲಿ ನನ್ನ ಜೇಬಿನಿಂದ ಹೊರಬರುವುದು ಒಂದಲ್ಲ, ಎರಡು ತಂತಿಗಳು, ಒಂದಕ್ಕೊಂದು ಗಂಟು ಹಾಕಿಕೊಂಡು. ಒಂದನ್ನು ಮನೆಯಲ್ಲೇ ಬಿಟ್ಟು ಬಂದರೆ ಅರ್ಧ ಶ್ರಮ ಉಳಿಯುತ್ತದೆ. ಬಿಟ್ಟು ಬರುವುದಿಲ್ಲ, ಬಸ್ಸು ಬರುವವರೆಗೆ ನಿಧಾನವಾಗಿ ಬಿಡಿಸುತ್ತೇನೆ, ಕೆಲವೊಮ್ಮೆ ಪೂರ್ತಿ ಬಿಡಿಸುವುದೂ ಇಲ್ಲ. ಉಳಿದಂತೆ, ಗಾತ್ರವೋ ಗುಣವೋ ಎಂಬ ಆ ವಿವಾದ ನನ್ನ ಮಟ್ಟಿಗೆ ಇತ್ಯರ್ಥವಾದದ್ದು ೨೦೧೦ನೆಯ ಇಸವಿ ಫೆಬ್ರವರಿ ಹದಿಮೂರನೆಯ ತಾರೀಕು, ಶನಿವಾರ.