ಹೋದ ವರ್ಷದ ಜ್ವರ, ಈ ವರ್ಷದ ಜ್ವರ

ಸ್ಪಿರಿಟ್ ತಾಗಿ ತಾಗಿ ಅವರ ಬೆರಳ ತುದಿಗಳು ಬೆಳ್ಳಗೆ ಸುಲಿದಿರುತ್ತಿದ್ದವು. ಆ ಬೆರಳಿನಿಂದ ಮೊಣಕೈಯ ಒಳಭಾಗವನ್ನು ಒಮ್ಮೆ ಸವರಿದರೆ ಸಾಕು, ಎಂಥ ಮುದುಕಿಯ ನರವೂ ಸಿಗುತ್ತಿತ್ತು. ಗುಂಡ್ಲುಪೇಟೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದ ಅವರನ್ನು ನಾವು ಆಶಾ ಕಾರ್ಯಕರ್ತೆಯರೆಲ್ಲ ಲ್ಯಾಬ್ ಸಾರ್ ಎನ್ನುತ್ತಿದ್ದೆವು.

ನಮ್ಮೂರು ಭೀಮನಬೀಡಿನಲ್ಲಿ ಎರಡನೇ ವರ್ಷವೂ ಡೆಂಗ್ಯೂ ಕಾಣಿಸಿಕೊಂಡಾಗ ಅವರು ಐಸ್ ಡಬ್ಬಿ ಹಿಡಿದು ಮನೆಮನೆ ಸುತ್ತಿದರು. ಜ್ವರ ಬಂದ ಮೊದಲ ನಾಲ್ಕೈದು ದಿನದ ರಕ್ತವೇ ಬೇಕು. ಇದು ಯಾವ ಜಾತಿಯ ವೈರಸ್ ಎಂದು ದೊಡ್ಡ ಲ್ಯಾಬಿನವರು ನೋಡಿ ಹೇಳಬೇಕು. “ಕಳ್ಳ ಊರೊಳಗಿರುವಾಗ್ಲೇ ಹಿಡೀಬೇಕು ಕಣಮ್ಮ. ಓಡೋದ್ಮೇಲೆ ಸಿಕ್ಕೋದು ಹೆಜ್ಜೆ ಗುರ್ತಷ್ಟೆ” ಎನ್ನುತ್ತಿದ್ದರು ಸಾರ್. ಜನ ರೇಗುತ್ತಿದ್ದರು: “ಓದ್ವರ್ಸನೂ ರಕ್ತ ತಕ್ಕಂಡೋದ್ರಿ, ಏನ್ ಮಾಡ್ಬುಟ್ರಿ?” ಅವರು ಹತ್ತಿ ಒತ್ತಿ ಹಿಡಿಯುತ್ತಿದ್ದರು.

ನಡೆದೂ ನಡೆದೂ ನಾನು ದಣಿದಿದ್ದೆ. ಹಿಂದಿನ ವರ್ಷ ಡೆಂಗ್ಯೂ ಬಂದಿದ್ದವರ ಮನೆಗಳನ್ನು ಬಿಟ್ಟುಬಿಡುತ್ತಿದ್ದೆ. “ನಿಮ್ಗೆ ಒಂದ್ಸಲ ಬಂದೋಗದೆ, ಇನ್ ಬರಲ್ಲ ಬುಡಿ” ಎಂದು ಅವರಿಗೆಲ್ಲ ಹೇಳಿದ್ದೆ. ನಂಬಿಯೇ ಹೇಳಿದ್ದೆ.

ಒಂದು ಮಧ್ಯಾಹ್ನ ಸಾರ್ ಫೋನು ಮಾಡಿದರು. “ರಿಪೋರ್ಟ್ ಬಂತು. ಈ ಸಲದ್ದು ಬೇರೆ ಜಾತಿ. ಓದ್ವರ್ಸ ಬಂದಿದ್ದೋರ್ಗೆ ಮತ್ತೆ ಬಂದ್ರೆ ಜೋರಾಗ್ಬೋದು. ಅವ್ರ ಮನೆಗೇ ಮೊದ್ಲು ಓಗು.”

ನಾಲ್ಕನೇ ಮನೆಯಲ್ಲಿ, ಚೆಂಡು ಹೂವಿನ ಹೊಲಕ್ಕೆ ಕೂಲಿಗೆ ಹೋಗುವ ಹೆಂಗಸು ಗೋಡೆಗೆ ಒರಗಿ ಕೂತಿದ್ದಳು. ಅವಳಿಗೂ ನಾನು ಅದನ್ನೇ ಹೇಳಿದ್ದೆ. “ಜ್ವರ ಬುಡ್ತು ಕಣಕ್ಕ, ಹೊಟ್ಟೆನೋವೊಂದೇಯ” ಎಂದಳು. ಕೈ ಮುಟ್ಟಿದೆ, ತಣ್ಣಗಿತ್ತು. ಡೆಂಗ್ಯೂನಲ್ಲಿ ಜ್ವರ ಬಿಟ್ಟ ಮೇಲೆ ಹೀಗಾದರೇ ಅಪಾಯ ಎಂದು ನಮಗೆ ಕಲಿಸಿದ್ದರು. ಸಾರ್‌ಗೆ ಫೋನು ಮಾಡಿದೆ. ಅವರೇ ಜೀಪು ತಂದರು. ಚಾಮರಾಜನಗರ ಮುಟ್ಟುವವರೆಗೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಎಂಟು ದಿನಕ್ಕೆ ಬದುಕಿ ಮನೆಗೆ ಬಂದಳು.

ಅವಳನ್ನು ಒಳಗೆ ಸೇರಿಸಿದ ಮೇಲೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬಯ್ಯಲಿಲ್ಲ.

“ನಾನೂ ಹಂಗೇ ಹೇಳ್ತಿದ್ದೆ ಕಣಮ್ಮ, ಒಂದ್ ಕಾಲ್ದಲ್ಲಿ. ನಮ್ಮಕ್ಕಂಗೂ ಹೇಳಿದ್ದೆ.”

ಅಕ್ಕ ಏನಾದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರು ಎದ್ದರು. “ಉಳಿದ್ ಮನೆಗೂ ಓಗು. ತಪ್ಪು ಹೇಳಿದ್ದೆ ಅಂತ್ಲೇ ಹೇಳು.”

ಹೇಳಿದೆ. ಕೆಲವರು ನಕ್ಕರು, ಕೆಲವರು ಮುಖ ತಿರುಗಿಸಿದರು.

ಹೋದ ಬೇಸಿಗೆಯಲ್ಲಿ ಸಾರ್ ಎದೆನೋವು ಬಂದು ತೀರಿಕೊಂಡರು. ಆ ಹೆಂಗಸಿಗೂ ತಿಳಿಸಿದೆ. ಅವಳಿಗೆ ಅವರ ಮುಖವೇ ನೆನಪಿರಲಿಲ್ಲ. “ನನ್ ಉಳಿಸ್ದೋಳು ನೀನೇ ಕಣಕ್ಕ” ಎಂದು ನನ್ನ ಕೈ ಹಿಡಿದುಕೊಂಡಳು. ತಪ್ಪು ಹೇಳಿದ್ದೆ ಎಂದು ಮನೆಮನೆಗೆ ಹೋಗಿ ಹೇಳಿದ ನನಗೆ, ಅವಳೊಬ್ಬಳ ಎದುರು ಇನ್ನೂ ಬಾಯಿ ಬಂದಿಲ್ಲ.