ಪಕ್ಕದ ಮನೆಯ ಅಜ್ಜಿ ಕೇಳಿಸಿಕೊಂಡ ಅಳು

ಜಪಾನಿನ ಓಕಿನಾವಾ ದ್ವೀಪದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿಗೆ ನಮ್ಮ ಮಗುವಿನ ಅಳು ಕೇಳಿದರೆ ಸೊಪ್ಪು ಬಿಡಿಸುವ ಕೈ ಹಾಗೇ ನಿಂತುಬಿಡುತ್ತಿತ್ತು. ನಾವು ಬಾಗಿ ಬಾಗಿ 'ಸುಮಿಮಾಸೆನ್' ಎಂದು ಕ್ಷಮೆ ಕೇಳಿದರೆ, "ನಿಮ್ಮ ಸುಮಿಮಾಸೆನ್‌ನಿಂದಲೇ ನನ್ನ ನಿದ್ದೆ ಕೆಡೋದು. ಮಗು ಅಳಲಿ ಬಿಡಿ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ರಸ್ತೆ ಅಗೆಯುವಾಗ, ಎರಡನೇ ಮಹಾಯುದ್ಧದಲ್ಲಿ ಈ ದ್ವೀಪಕ್ಕಾಗಿ ನಡೆದ ಕಾಳಗದ ಸಿಡಿಯದ ಬಾಂಬು ಸಿಕ್ಕಿತು. ಅದನ್ನು ನಿಷ್ಕ್ರಿಯಗೊಳಿಸುವವರೆಗೆ ನಮ್ಮನ್ನೆಲ್ಲ ಶಾಲೆಯ ಸಭಾಂಗಣದಲ್ಲಿ ಕೂರಿಸಿದರು. ಯಾರೂ ಮಾತಾಡುತ್ತಿರಲಿಲ್ಲ. ಆಗ ನಮ್ಮ ಮಗು ಅಳತೊಡಗಿತು. ಎಲ್ಲರೂ ತಿರುಗಿ ನೋಡಿದಾಗ ನನ್ನ ಹೆಂಡತಿ ಗಾಬರಿಯಿಂದ ಅದರ ಮುಖಕ್ಕೆ ದುಪಟ್ಟಾ ಮುಚ್ಚಿ ಎದೆಗೆ ಒತ್ತಿಕೊಂಡಳು. ಅಳು ನಿಂತಿತು.

ಅಜ್ಜಿ ಎದ್ದು ಬಂದು ದುಪಟ್ಟಾ ಕಿತ್ತೆಳೆದರು.

"ಯುದ್ಧದಲ್ಲಿ ನಾವು ಗುಹೆಯಲ್ಲಿ ಅಡಗಿದ್ದೆವು. ಹೊರಗೆ ಸೈನಿಕರು. ತಮ್ಮ ಅಳುತ್ತಿದ್ದ. ಅಮ್ಮ ಹೀಗೇ ಒತ್ತಿ ಹಿಡಿದಳು. ಆಮೇಲೆ ಅವನು ಅಳಲೇ ಇಲ್ಲ."

ಮಗು ಮುಖ ಕೆಂಪಗಾಗಿ, ಬಾಯಿ ತೆರೆದು, ಸದ್ದಿಲ್ಲದೆ ಇತ್ತು. ಆ ಗಳಿಗೆ ನನಗಿನ್ನೂ ಮುಗಿದಿಲ್ಲ. ಕೊನೆಗೆ ಅದು ಉಸಿರೆಳೆದು ಚೀರಿತು.

ಬಾಂಬಿನ ಅಪಾಯ ತೀರಿತೆಂದು ಮೈಕಿನಲ್ಲಿ ಹೇಳಿದರು. ಜನ ಎದ್ದು ಹೊರಟರು. ಮಗುವನ್ನು ಸಮಾಧಾನಪಡಿಸಲು ನಾನು ಹಾಲಿನ ಬಾಟಲಿ ತೆಗೆದೆ. ಅಜ್ಜಿ ನನ್ನ ಕೈ ತಡೆದು, "ಇನ್ನೊಂದು ಸ್ವಲ್ಪ ಹೊತ್ತು ಅಳಲಿ" ಎಂದರು.